ನಿನ್ನ ಹೆಸರಿನ ಬ್ಯಾನರುಗಳು

ಪ್ರೀತಿಯ ಅಕ್ಕ,

ರಶ್ಮಿ ಬೇಸತ್ತು ನಿನ್ನ ಖಾನಾವಳಿಯ ಬ್ಯಾನರುಗಳನ್ನು ಬೀದಿಯವರಿಗೆ ಹಂಚಿ ಕೈತೊಳೆದುಕೊಂಡಳೆಂದು ನಿನ್ನ ಪುಣ್ಯತಿಥಿಯಂದು ತಮ್ಮ ವೈಜನಾಥ ಎಲ್ಲರೆದುರು ಹೇಳಿದ. ಅದು ತಪ್ಪು. ನಿನ್ನ ಮಗಳು ಮಾಡಿದ್ದು ನಿನಗೆ ಸರಿಯಾಗಿ ತಿಳಿಯಬೇಕು.

ಗಿರಾಕಿಗಳು ಹೆಚ್ಚದಿದ್ದರೆ ಈ ತಿಂಗಳೇ ಖಾನಾವಳಿ ಮುಚ್ಚಬೇಕಾಗಿತ್ತು. ಅಮೀರ್‌ಪೇಟಿನ ಗೋಡೆಗೆ ನಾವೊಂದು ಬ್ಯಾನರು ಕಟ್ಟಿದರೆ, ಬೆಳಗಾಗುವಷ್ಟರಲ್ಲಿ ಯಾವುದೋ ಕಂಪ್ಯೂಟರ್ ತರಬೇತಿಯವರದು ಅದರ ಮೇಲಿರುತ್ತಿತ್ತು. ಆಗ ರಶ್ಮಿ ನಮ್ಮ ಬ್ಯಾನರುಗಳನ್ನು ಗಾಡಿ ವ್ಯಾಪಾರಿಗಳಿಗೆ ಬಿಸಿಲಿನ ಮರೆಗೆಂದು ಕೊಟ್ಟಳು. ಅಕ್ಷರಗಳು ಹೊರಗೆ ಕಾಣಬೇಕೆಂಬುದೊಂದೇ ಷರತ್ತು. ತಮ್ಮ ನೆರಳಿನ ಮೇಲೆ ಇನ್ನೊಬ್ಬರ ಬ್ಯಾನರು ಕಟ್ಟಲು ಅವರು ಯಾರನ್ನೂ ಬಿಡಲಿಲ್ಲ. ನಾನು ಬರೆದುಕೊಟ್ಟ ನಾಲ್ಕು ಶುದ್ಧ ವಾಕ್ಯಗಳನ್ನು ಕೈಬಿಟ್ಟು, ‘ಬಸಲಿಂಗಮ್ಮನ ಜೋಳದ ರೊಟ್ಟಿ’ ಎಂದಷ್ಟೇ ಕನ್ನಡದಲ್ಲೂ ತೆಲುಗಿನಲ್ಲೂ ಅಚ್ಚು ಹಾಕಿಸಿದ್ದಳು.

“ಚಿಗವ್ವ, ಬಸ್ಸಿನ್ಯಾಗ ಜೋತಾಡೋರು ನಿಮ್ಮ ಪಾಠ ಓದತಾರೇನ್ರಿ?” ಎಂದು ನಕ್ಕಳು.

ಈಗ ಬಸ್ಸಿಳಿದವರಿಗೆ ಬೀದಿಯುದ್ದಕ್ಕೂ ನಿನ್ನ ಹೆಸರೇ ಕಾಣುತ್ತದೆ. ನಿನ್ನೆ ಮಧ್ಯಾಹ್ನ ಖಾನಾವಳಿಯಲ್ಲಿ ಕೂರಲು ಜಾಗವಿರಲಿಲ್ಲ. ವೈಜನಾಥನೇ ಬಡಿಸಲು ನಿಂತಿದ್ದ.

“ಭಾಳ ಶಾಣ್ಯಾಕಿ ಅದಾಳ ನಮ್ಮ ಹುಡುಗಿ,” ಎಂದ. ಆ ಮಾತಿನಲ್ಲಿ ತಿದ್ದಲು ನನಗೇನೂ ಸಿಗಲಿಲ್ಲ.

ಊಟಕ್ಕೆ ಬಾ ಎಂದು ನೀನು ಎಷ್ಟು ಸಲ ಕರೆದಿದ್ದೆ. ನಿನ್ನೆ ಪಂಕ್ತಿಯಲ್ಲಿ ಕುಳಿತವರು: ಹೂ ಮಾರುವ ಯಾದಮ್ಮ, ಕಬ್ಬಿನ ಹಾಲಿನ ಗಾಡಿಯ ಮಲ್ಲೇಶ, ಕಂಪ್ಯೂಟರ್ ಕಲಿಯಲು ರಾಯಚೂರಿನಿಂದ ಬಂದ ಗಾನವಿ, ಅವಳ ಗೆಳತಿ ತನ್ವಿ, ಮತ್ತು ಮೊದಲ ಸಲ, ನಿನ್ನ ತಂಗಿ ಮಹಾನಂದಾ.