ಎದುರು ಕೂತು ಬರೆದವಳು

ಅಜ್ಜಿಯ ಮನೆ, ಮುಂಗೋಣೆ
ಭಾನುವಾರ, ಇಳಿಹೊತ್ತು

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನಿಂತೇ ಪಾಠ ಮಾಡಬೇಡಿ, ಕುರ್ಚಿ ಎಳೆದುಕೊಳ್ಳಿ ಎಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿರಲಾರೆ. ನಮ್ಮ ಮನೆತನದಲ್ಲಿ ಡಾಕ್ಟರ ಮಾತು ಕೇಳಿದವರು ಯಾರೂ ಇಲ್ಲ. ತಲೆ ನೆರೆಯುತ್ತಿರುವ ಟೀಚರನ್ನು ಇನ್ನೂ ಪುಟ್ಟಿ ಎಂದು ಕರೆಯುವ ಅಣ್ಣನ ಈ ಕಾಗದ ನಿನ್ನ ಮಕ್ಕಳ ಕೈಗೆ ಸಿಗದಿರಲಿ. ನಾನು ಆರಾಮ. ಕಚೇರಿಯಲ್ಲಿ ಎಂದಿನಂತೆ ಬೇರೆಯವರ ಜಮೀನಿನ ನಕ್ಷೆ ಬರೆಯುತ್ತಿದ್ದೇನೆ. ಚಿಕ್ಕಪ್ಪನ ಕಣ್ಣಿನ ಪೊರೆ ತೆಗೆದರು. ಅವನು ಈಗ ಎಲ್ಲರ ಮುಖವನ್ನೂ ಹತ್ತಿರದಿಂದ ನೋಡಿ, ಅಯ್ಯೋ ಇಷ್ಟು ವಯಸ್ಸಾಯ್ತಾ ನಿಂಗೆ ಎಂದು ಮರುಗುತ್ತಾ ತಿರುಗುತ್ತಿದ್ದಾನೆ.

ರಾಜೀನಾಮೆ ಬರೆದಿಟ್ಟಿದ್ದೇನೆ, ರಜೆ ಮುಗಿದ ದಿನವೇ ಕೊಡುತ್ತೇನೆ ಎಂದು ಹೋದ ಕಾಗದದಲ್ಲಿ ಬರೆದಿದ್ದೀಯ. ಕಾರಣವನ್ನೂ ಬರೆದಿದ್ದೀಯ: ‘ಅಜ್ಜಿ ಜೀವನಪೂರ್ತಿ ನೆಲದ ಮೇಲೆ ಬರೆದಳು, ದಿನಾ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕೊನೆಗೆ ಏನು ಉಳಿಯಿತು? ನಾನೂ ಹಾಗೆ ಒರೆಸಿಕೊಂಡು ಹೋಗಲಾರೆ.’ ಇದಕ್ಕೆ ನಾನು ಉತ್ತರ ಹೇಳಲು ಹೋಗುವುದಿಲ್ಲ. ಉಪದೇಶ ಮಾಡುವ ನಾಲಿಗೆ ನನಗೆ ಬಂದಿಲ್ಲ, ಬಂದಿದ್ದರೆ ಮದುವೆಯಾದರೂ ಆಗುತ್ತಿತ್ತು. ಈ ವಾರ ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಈ ಮುಂಗೋಣೆ ನಿನಗೆ ನೆನಪಿದ್ದೇ ಇದೆ. ಕಪ್ಪು ಗಾರೆ ನೆಲ, ಬೀದಿಗೆ ತೆರೆಯುವ ಕಿಟಕಿ, ಮೂಲೆಯಲ್ಲಿ ಸೀಮೆಸುಣ್ಣದ ಡಬ್ಬ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಿಂದ ಪಾಳಿ ಮುಗಿಸಿ ಬಂದ ಹೆಂಗಸರು, ನೀರಲ್ಲಿ ನೆನೆದು ಬಿಳುಚಿದ ಬೆರಳುಗಳಲ್ಲಿ ಇಲ್ಲಿ ಅಕ್ಷರ ತಿದ್ದುತ್ತಿದ್ದರು. ಅಜ್ಜಿ ಯಾರ ಪಕ್ಕದಲ್ಲೂ ಕೂರುತ್ತಿರಲಿಲ್ಲ. ಎದುರಿಗೆ ಕೂತು, ಅವರಿಗೆ ನೆಟ್ಟಗೆ ಕಾಣುವಂತೆ, ತಾನು ತಲೆಕೆಳಗಾಗಿ ಬರೆಯುತ್ತಿದ್ದಳು. ತನ್ನ ಬಲದಿಂದ ಎಡಕ್ಕೆ, ನದಿ ವಾಪಸು ಹರಿದ ಹಾಗೆ, ಎಲ್ಲೂ ತಡವರಿಸದೆ. ಪಕ್ಕದಲ್ಲಿ ಕೂತ್ರೆ ಅಕ್ಷರ ಕಾಣುತ್ತೆ, ಎದುರಿಗೆ ಕೂತ್ರೆ ಮುಖ ಕಾಣುತ್ತೆ, ತಪ್ಪು ಮೊದಲು ಬರೋದು ಮುಖದಲ್ಲಿ, ಆಮೇಲೆ ಕೈಯಲ್ಲಿ ಎನ್ನುತ್ತಿದ್ದಳು.

ಅವಳ ದೇವರೂ ಹಾಗೆಯೇ ಎದುರು ಕೂರುವವನು. ಬೆಳಿಗ್ಗೆ ಕಿಟಕಿಯ ಬಳಿ ಕೂತು ಅವಳು ಮಾಡುತ್ತಿದ್ದ ಪ್ರಾರ್ಥನೆ ಪ್ರಾರ್ಥನೆಗಿಂತ ವರದಿಯಂತೆ ಇರುತ್ತಿತ್ತು: ಬಸ್ ಡ್ರೈವರನ ಮಂಡಿ, ಹಾಲಿನವಳ ಮಗಳ ಪರೀಕ್ಷೆ, ಜನರಲ್ ವಾರ್ಡಿನ ಕಿಟಕಿ ಪಕ್ಕದ ಮಂಚದ ಮುದುಕನಿಗೆ ಊರಿಂದ ಯಾರೂ ಬಂದಿಲ್ಲ. ದೇವರಿಗೆ ಇದೆಲ್ಲ ಗೊತ್ತಿಲ್ವಾ ಅಜ್ಜಿ ಎಂದು ನೀನು ಕೇಳಿದ್ದಕ್ಕೆ, ಗೊತ್ತು ಕಣೇ, ಆದ್ರೆ ಅವನದ್ದು ದೊಡ್ಡ ಸಂಸಾರ, ನೆನಪು ಮಾಡ್ತಿರ್ಬೇಕು ಎಂದಿದ್ದಳು. ವರದಿ ಒಪ್ಪಿಸಿ ಸುಮ್ಮನಾಗುವವಳೂ ಅಲ್ಲ. ಮಧ್ಯಾಹ್ನ ಅದೇ ಮುದುಕನ ಮಂಚದ ಬಳಿ ಕೂತು ಪೇಪರು ಓದಿ ಹೇಳುತ್ತಿದ್ದಳು. ಅಪ್ಪ ತೀರಿಕೊಂಡ ವರ್ಷ ನಾನು ದೇವರ ಮೇಲೆ ಮುನಿಸಿಕೊಂಡಿದ್ದೆ. ಆಗ ಅವಳು ಹೇಳಿದ್ದು ಈಗಲೂ ಕಿವಿಯಲ್ಲಿದೆ: ಅವನೂ ನಮ್ಮೆದುರು ಕೂತು ತಲೆಕೆಳಗಾಗೇ ಬರೀತಾನೆ ಮಗಾ, ನಮಗೆ ನೆಟ್ಟಗೆ ಕಾಣ್ಲಿ ಅಂತ. ಒಂದೊಂದ್ಸಲ ಅವನ ಕೈಯೂ ತಪ್ಪುತ್ತೆ. ಕ್ಷಮಿಸ್ಬೇಕಪ್ಪ.

ನಾನು ಹಾಗೆ ಬರೆಯಲು ಎಷ್ಟೋ ಸಲ ಪ್ರಯತ್ನಿಸಿದೆ. ಎರಡನೆಯ ಅಕ್ಷರಕ್ಕೇ ಕೈ ಕಟ್ಟಿಹೋಗುತ್ತಿತ್ತು. ನನ್ನ ನಕ್ಷೆಗಳನ್ನು ನೋಡುವವನು ಯಾವಾಗಲೂ ನನ್ನ ಬದಿಯಲ್ಲೇ ನಿಂತಿರಬೇಕು.

ಅಜ್ಜಿ ಹೋಗಿ ವರ್ಷವಾಗುತ್ತಿದ್ದಂತೆ ಚಿಕ್ಕಪ್ಪ ಈ ಕೋಣೆಯನ್ನು ತನ್ನ ಟೈರ್ ಅಂಗಡಿಯ ಗೋಡೌನು ಮಾಡುತ್ತೇನೆಂದ. ನಾನು ಬೇಡವೆನ್ನಲಿಲ್ಲ. ಖಾಲಿ ಕೋಣೆಗೆ ಏನಾದರೂ ತುಂಬಿಕೊಳ್ಳಬೇಕಲ್ಲ ಎಂಬ ಧಾಟಿಯಲ್ಲಿ ಭುಜ ಹಾರಿಸಿದೆ. ಟೈರುಗಳು ಬಂದವು, ಕಿಟಕಿಯ ಅರ್ಧದವರೆಗೆ ಏರಿದವು. ಸೀಮೆಸುಣ್ಣದ ವಾಸನೆ ಹೋಗಿ ರಬ್ಬರಿನ ವಾಸನೆ ಬಂತು. ಅಜ್ಜಿಯ ವಿಷಯದಲ್ಲಿ ಅವನಿಗೆ ಹಳೆಯ ಮುನಿಸೊಂದಿದೆ, ನಿನಗೆ ಗೊತ್ತು: ಊರಿಗೆಲ್ಲ ಟೀಚರಮ್ಮ, ನನ್ನ ಪಾಲಿಗೆ ಮಾತ್ರ ಬೈಗುಳ.

ಮಂಗಳವಾರ ಅವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಆಪರೇಷನ್ ಆದ ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಮಂಜು. ಔಷಧಿ ಕೌಂಟರಿನಲ್ಲಿ ಒಬ್ಬಳು ಹೆಂಗಸು, ಮೂವತ್ತು ದಾಟಿರಬೇಕು, ಮೂಗಿನ ತುದಿಗೆ ಕನ್ನಡಕ. ನೋಡಿ ಅಜ್ಜಾ, ಈ ಹನಿ ಬೆಳಿಗ್ಗೆ, ಇದು ರಾತ್ರಿ ಎಂದಳು. ಯಾರಮ್ಮ ಅಜ್ಜ ಎಂದು ಚಿಕ್ಕಪ್ಪ ರೇಗಿದ. ಆಯ್ತು ಹುಡುಗಾ, ಬೆಳಿಗ್ಗೆ ಇದು, ರಾತ್ರಿ ಇದು, ಈಗ್ಲಾದ್ರೂ ಕೇಳಿಸ್ಕೋ ಎಂದು ಅವಳು ಚೀಟಿಯನ್ನು ಅವನ ಕಡೆಗೆ ಸರಿಸಿ, ಅವನ ಮುಖವನ್ನೇ ನೋಡುತ್ತಾ, ಅದರ ಮೇಲೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆಯತೊಡಗಿದಳು. ಬಲದಿಂದ ಎಡಕ್ಕೆ. ನಾನು ಗಮನಿಸಲೇ ಇಲ್ಲ, ಪುಟ್ಟೀ. ಎರಡು ಕಣ್ಣೂ ನೆಟ್ಟಗಿದ್ದ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಮಂಜುಗಣ್ಣಿನ ಚಿಕ್ಕಪ್ಪ ನನ್ನ ಮೊಣಕೈ ಹಿಡಿದ. ಲೋ, ಇದು ನಮ್ಮಮ್ಮನ ಕೈ ಕಣೋ ಎಂದ.

ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. ಏನನ್ನು ಎಂದು ಅವಳಿಗೆ ಅರ್ಥವೇ ಆಗಲಿಲ್ಲ. ಬರೆಯುವುದು ಹೀಗೇ ಅಲ್ಲವೇ ಎಂಬಂತೆ ನೋಡಿದಳು. ಆಮೇಲೆ ಹೇಳಿದಳು, ದೊಡ್ಡಮ್ಮ, ಇದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಹಿಂದೆ ಸಾಲಿನಲ್ಲಿದ್ದವನೊಬ್ಬ, ಏನ್ರೀ, ಇಲ್ಲೇ ಹೆಣ್ಣು ನೋಡೋ ಶಾಸ್ತ್ರಾನಾ, ಬೇಗ ಮುಗಿಸ್ರೀ ಎಂದ. ಚಿಕ್ಕಪ್ಪ ತಿರುಗಿ, ಸುಮ್ನಿರಯ್ಯ, ನಮ್ಮನೆ ವಿಷಯ ನಡೀತಿದೆ ಎಂದು ಗದರಿದ. ನಮ್ಮನೆ ಎಂಬ ಮಾತು ಅವನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ!

ಅದೇ ಸಂಜೆ ಆಯಾ ದೊಡ್ಡಮ್ಮನ ಮನೆಗೆ ಹೋದೆವು. ಅವರು ನಮ್ಮ ಅಜ್ಜಿಯನ್ನು ಒಮ್ಮೆಯೂ ಕಂಡವರಲ್ಲ. ಅವರಿಗೆ ಓದು ಕಲಿಸಿದವಳು ಲಾಂಡ್ರಿಯ ಇಸ್ತ್ರಿಯವಳು, ಊಟದ ಬಿಡುವಿನಲ್ಲಿ, ಇಸ್ತ್ರಿ ಮೇಜಿನ ಎರಡು ಬದಿ ನಿಂತು. ಆ ಕೈ ಅವಳ ಬಲದಿಂದ ಎಡಕ್ಕೆ ಹೇಗೆ ಓಡುತ್ತದೋ ಹಾಗೆಯೇ ಇವರೂ ತಮ್ಮ ಬಲದಿಂದ ಎಡಕ್ಕೆ ಓಡಿಸಿ ಕಲಿತರು. ಪರಿಣಾಮ, ಎಷ್ಟೋ ವರ್ಷ ಅವರಿಗೆ ತಲೆಕೆಳಗಾಗಿ ಮಾತ್ರ ಬರೆಯಲು ಬರುತ್ತಿತ್ತು. ಸಂಬಳದ ದಿನ ಸಹಿ ಹಾಕಲು ಮೇಜು ಸುತ್ತಿ ಗುಮಾಸ್ತನ ಕುರ್ಚಿಯ ಹಿಂದೆ ಹೋಗಿ ನಿಲ್ಲುತ್ತಿದ್ದರಂತೆ. ಪಾಪ ಅವನು ಹೆದರಿ ಎದ್ದು ನಿಂತ್ಬಿಡ್ತಿದ್ದ, ನಂಗೆ ಅದು ಗೌರವ ಅನ್ನಿಸ್ತಿತ್ತು ಎಂದು ನಕ್ಕರು.

ಇಸ್ತ್ರಿಯವಳು ಅಂದರೆ ಯಾರೆಂದು ನಿನಗೆ ಈಗಾಗಲೇ ಹೊಳೆದಿರಬೇಕು. ನಮ್ಮ ಗಟ್ಟಿಬಾಯಿ! ಅಜ್ಜಿಯ ಮೊದಲ ಶಿಷ್ಯೆ. ಇದೇ ನೆಲದ ಮೇಲೆ ಅಜ್ಜಿ ‘ನೀರು ಬಂತು’ ಎಂದು ಬರೆದುಕೊಟ್ಟಾಗ, ಜೀವನದಲ್ಲಿ ತಾನೇ ಓದಿದ ಮೊದಲ ವಾಕ್ಯದ ಸಂತೋಷಕ್ಕೆ ಅದನ್ನು ಕೂಗಿ ಕೂಗಿ ಹೇಳಿ, ಬೀದಿಯವರೆಲ್ಲ ಕೊಡ ಹಿಡಿದು ಒಣ ನಲ್ಲಿಗೆ ಓಡುವಂತೆ ಮಾಡಿದವಳು. ಬದುಕಿದ್ದಾಳೆ. ಹಲ್ಲು ಹೋಗಿದೆ, ಗಂಟಲು ಹೋಗಿಲ್ಲ.

ಟೀಚರಮ್ಮನ ಮನೆ ನೋಡಬೇಕೆಂದು ಇವತ್ತು ಎಲ್ಲರೂ ಬಂದರು. ಗಟ್ಟಿಬಾಯಿಯನ್ನು ಇಬ್ಬರು ಹಿಡಿದುಕೊಂಡು ಬಂದರು. ಜೊತೆಗೆ ಆಯಾ ದೊಡ್ಡಮ್ಮ, ಕೌಂಟರಿನವಳು, ಅವರಿಂದ ಕಲಿತವರು, ಆ ಕಲಿತವರಿಂದ ಕಲಿತವರು. ಬಾಗಿಲು ತೆರೆದರೆ ಒಳಗೆ ಬರೀ ಟೈರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಗಟ್ಟಿಬಾಯಿ ಮಾತ್ರ ಒಂದು ಟೈರಿನ ಮೇಲೆ ಸಿಂಹಾಸನದಂತೆ ಕೂತು, ಏನೋ, ಟೀಚರಮ್ಮನ ನೆಲ ಮುಚ್ಚಿಟ್ಟಿದ್ದೀಯಾ, ಮಳೆ ಬಂದು ಹಾಳಾಗುತ್ತೆ ಅಂತಾನಾ ಎಂದು ಚಿಕ್ಕಪ್ಪನನ್ನು ಕೇಳಿದಳು. ಬೀದಿಗೆಲ್ಲ ಕೇಳಿಸಿತು. ಚಿಕ್ಕಪ್ಪ ಎದ್ದ. ಒಂದು ಟೈರನ್ನು ಹೊರಕ್ಕೆ ಉರುಳಿಸಿದ, ಇನ್ನೊಂದನ್ನು ಉರುಳಿಸಿದ. ಇದು ಗೋಡೌನು ಅಂತ ಯಾವನು ಹೇಳಿದ್ದು ಎಂದು ನನ್ನನ್ನೇ ಗದರಿದ! ಆಮೇಲೆ ಎಲ್ಲರೂ ಕೈಹಾಕಿದರು. ಟೈರುಗಳು ಬೀದಿಯುದ್ದಕ್ಕೂ ಉರುಳಿದವು, ಜನ ಪಕ್ಕಕ್ಕೆ ಹಾರಿ ಬೈದರು, ನಕ್ಕರು. ಕಪ್ಪು ನೆಲ ಹೊರಗೆ ಬಂತು. ಆಯಾ ದೊಡ್ಡಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಜೋಡಿ ಜೋಡಿಯಾಗಿ ಎದುರುಬದುರು ಕೂತರು, ಯಾರೂ ಹೇಳಬೇಕಾಗಲಿಲ್ಲ. ಸೀಮೆಸುಣ್ಣ ಹಿಡಿದ ಕೈಗಳೆಲ್ಲ ಬಲದಿಂದ ಎಡಕ್ಕೆ ಹೊರಟವು. ಆ ಕೋಣೆ ತುಂಬ ಅಜ್ಜಿಯ ಕೈಗಳಿದ್ದವು, ಪುಟ್ಟೀ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ನನ್ನ ಎದುರು ಚಿಕ್ಕಪ್ಪ, ಪಟ್ಟಿ ಬಿಚ್ಚಿದ ಕಣ್ಣಿನಿಂದ ಓದುತ್ತಾ, ಕೆನ್ನೆ ಒರೆಸಿಕೊಳ್ಳುತ್ತಾ. ಹನಿ ಔಷಧಿ ಕಣೋ ಎಂದ. ಬೆಳಿಗ್ಗೆಯ ಹನಿ ಇಳಿಹೊತ್ತಿಗೆ ಸೋರುತ್ತದೆಯೇ ಎಂದು ನಾನು ಕೇಳಲಿಲ್ಲ.

ಇನ್ನು ಭಾನುವಾರಗಳಂದು ಪಾಠ ಇಲ್ಲೇ. ಕೌಂಟರಿನವಳು ಒಪ್ಪಿಕೊಂಡಿದ್ದಾಳೆ. ಮೊದಲ ಶಿಷ್ಯ ಚಿಕ್ಕಪ್ಪ. ಓದು ಬರುತ್ತದೆ, ಆದರೂ ಅಮ್ಮನ ಹಾಗೆ ಬರೆಯಬೇಕಂತೆ. ಅವನ ಮೊದಲ ಅಕ್ಷರ ಸತ್ತ ಜಿರಳೆಯ ಹಾಗಿದೆ. ನಿನಗೆ ಆಶೀರ್ವಾದ ಹೇಳು ಎಂದಿದ್ದಾನೆ. ಗಟ್ಟಿಬಾಯಿಯೂ ಹೇಳಿದಳು, ಅಷ್ಟು ದೂರ ನಿನಗೇ ನೇರ ಕೇಳಿಸಿರಬಹುದು. ಬೆನ್ನು ನೋಡಿಕೋ.

ನಿನ್ನ
ಅಣ್ಣ

ತಾ.ಕ.: ಕತ್ತಲಾಗುತ್ತಿದೆ, ಆದರೂ ಇದನ್ನು ಬರೆಯದೆ ಲಕೋಟೆ ಮುಚ್ಚಲಾರೆ. ಅಜ್ಜಿಯನ್ನು ಕೊನೆಯ ಸಲ ಕಳಿಸಿಕೊಟ್ಟ ಮರುದಿನ ಬಸ್ ನಿಲ್ದಾಣದಲ್ಲಿ, ಏನೂ ಉಳಿಯಲಿಲ್ಲ ಅಣ್ಣಾ ಎಂದು ನೀನು ಅತ್ತೆಯಲ್ಲ, ಆಗಲೇ ಒಬ್ಬಳು ಮುದುಕಿ ಬಂದು ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂದು ಕೇಳಿದಳು, ನೆನಪಿದೆಯೇ? ನೀನು ಕಣ್ಣೊರೆಸಿಕೊಂಡು, ಹಳೆಯ ಟಿಕೆಟ್ಟಿನ ಹಿಂಬದಿಯನ್ನು ಅವಳ ಮುಂದೆ ಹಿಡಿದು, ಅವಳ ಮುಖ ನೋಡುತ್ತಾ ಊರಿನ ಹೆಸರು ಬರೆದುಕೊಟ್ಟೆ. ಅವಳು ಅಲ್ಲೇ, ನಿನ್ನ ಕೈ ಇನ್ನೂ ಓಡುತ್ತಿರುವಾಗಲೇ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಚೀಟಿ ತಿರುಗಿಸಲಿಲ್ಲ. ತಿರುಗಿಸಬೇಕಾಗಿರಲಿಲ್ಲ.

ರಾಜೀನಾಮೆ ಹರಿದುಹಾಕು.