ಅವ್ವ ಡಾಕ್ಟರಿಗೆ ಕೇಳಿದ ಮಾತು

ಗಾಂಧಿನಗರ, ಬಳ್ಳಾರಿ
೧೮ ನವೆಂಬರ್ ೨೦೨೪

ಪ್ರೀತಿಯ ತಂಗಿ ನೀಲಾವತಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಆರಾಮ. ಕುರುಗೋಡಿನಲ್ಲಿ ನೀನು, ಯರ್ರಿಸ್ವಾಮಿಯವರು, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ಮೊದಲೇ ಬರೆಯಬೇಕಿತ್ತು, ತಡವಾಯಿತು, ಬೈಯಬೇಡ. ಮದುವೆ ಸೀಸನ್ನಿನ ರವಿಕೆಗಳು ಮಷಿನ್ನಿನ ಪಕ್ಕ ರಾಶಿ ಬಿದ್ದಿದ್ದವು ಎನ್ನುವುದು ಅರ್ಧ ನೆಪ. ಇನ್ನರ್ಧ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಕೊಂಡು ರೊಟ್ಟಿ ಬಡಿಯುವವಳು. ನನ್ನ ಮಾತು ನಿಮ್ಮ ಓಣಿಗೆಲ್ಲ ಕೇಳಿಸುತ್ತದೆ. ಇದು ಓಣಿಗೆ ಕೇಳಿಸುವ ಮಾತಲ್ಲ. ಒಬ್ಬಳೇ ಕೂತು ಓದು.

ಅವ್ವನ ವಿಷಯ ಎಂದ ಕೂಡಲೇ ಕಾಗದ ಮಡಚಿಡಬೇಡ. ನಿನ್ನ ಸಿಟ್ಟು ನನಗೆ ಗೊತ್ತು. ಅಪ್ಪ ಸತ್ತ ಮೇಲೆ ಹುಟ್ಟಿದ ನಿನ್ನನ್ನು ಬಾಣಂತನ ಮುಗಿಯುತ್ತಲೇ ಶಿವಬಸಮ್ಮತ್ತೆಯ ಮಡಿಲಿಗೆ ಹಾಕಿ ಕಳಿಸಿದಳು. ಆಮೇಲೆ ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ನಿನ್ನ ಮದುವೆಯಲ್ಲಿ ಎಲ್ಲರ ಹಿಂದೆ ನಿಂತು ದೂರದಿಂದ ಅಕ್ಷತೆ ಎಸೆದಳು. ಹೋದ ವರ್ಷ ನೀನು, "ಅಕ್ಕಾ, ಅವ್ವ ಸಾಯೋದ್ರೊಳಗ ನನ್ನ ತಲಿ ಮ್ಯಾಲೆ ಒಮ್ಮಿ ಕೈ ಇಡ್ತಾಳೇನು, ಅಷ್ಟು ಕೇಳಿ ಹೇಳು" ಎಂದಿದ್ದೆ. ನನಗೆ ಕೇಳುವ ಧೈರ್ಯವಾಗಿರಲಿಲ್ಲ. ಈಗ ಕೇಳದೆಯೇ ಉತ್ತರ ಸಿಕ್ಕಿದೆ.

ನಮ್ಮ ಅಳಿಯ ವೀರೇಶನಿಗೆ ಹೋದ ತಿಂಗಳು ಜ್ವರ ಬಂದಿತ್ತಲ್ಲ, ನಿನಗೆ ತಿಳಿಸಿದ್ದೆ. ಪಾಪ, ಜೀನ್ಸ್ ಹೊಲಿಯುವ ಕಡೆ ನಿಂತಲ್ಲೇ ಕುಸಿದಿದ್ದ. ಸುದ್ದಿ ಮುಟ್ಟಿದ್ದೇ ಅವ್ವ ಕರೂರಿನಿಂದ ಸಿರುಗುಪ್ಪಕ್ಕೆ, ಅಲ್ಲಿಂದ ಬಳ್ಳಾರಿಗೆ ಬಸ್ಸು ಬದಲಿಸಿ ಒಬ್ಬಳೇ ಬಂದುಬಿಟ್ಟಳು. ಬಂದವಳು ಅಳಿಯನನ್ನೂ ನೋಡಲಿಲ್ಲ, ನೀರೂ ಕುಡಿಯಲಿಲ್ಲ. ನಂದಿನಿಯನ್ನು ನೇರ ಅಡುಗೆಮನೆಗೆ ಕರೆದೊಯ್ದಳು.

"ಖರೇ ಹೇಳು ಯವ್ವಾ. ನೀ ಹೊರಗಾದ ದಿನದಾಗ ಅಂವ ನಿನ್ನ ಹತ್ರ ಮಲಗಿದ್ದನೇನು?"

ನನ್ನ ಮಗಳು ಈ ಕಾಲದವಳು. ಮುಖ ಕೆಂಪಾದರೂ ಸುಳ್ಳು ಹೇಳಲಿಲ್ಲ. "ಹೂಂ ಅಜ್ಜಿ, ಒಮ್ಮಿ. ಇಬ್ಬರಿಗೂ ಮನಸ್ಸಿತ್ತು. ಯಾಕ?"

ಅವ್ವ ಬಾಗಿಲ ಚೌಕಟ್ಟು ಹಿಡಿದು ಹಾಗೇ ನೆಲಕ್ಕೆ ಕೂತಳು. "ಹಂಗಾದ್ರ ಅಂವ ಉಳಿಯಂಗಿಲ್ಲ" ಎಂದಳು.

ನಂದಿನಿ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಹೆತ್ತವಳೆಂದೂ ನೋಡದೆ ಬೈದೆ. ಪರೀಕ್ಷೆ ಮಾಡಿಸಿದರೆ ಡೆಂಗಿ ಎಂದು ಬಂತು. ಹುಡುಗ ಗುಣವಾಗಿ ಎದ್ದು ಕೂತು ಗಂಜಿ ಕುಡಿದ, ಹಾಸಿಗೆಯಲ್ಲೇ ಮೊಬೈಲ್ ನೋಡಿ ನಕ್ಕ. ಆದರೂ ಅವ್ವನಿಗೆ ನಂಬಿಕೆಯಿಲ್ಲ. ಅವಳ ಹೆದರಿಕೆ ಮೊಮ್ಮಗಳಿಗೂ ಅಂಟಿಕೊಂಡಿತು. ಗಂಡನ ಪಕ್ಕ ಕೂರಲೂ ಹಿಂಜರಿಯತೊಡಗಿದಳು. ಇದು ಆಗುವ ಮಾತಲ್ಲ ಎಂದು ಅಜ್ಜಿ ಮೊಮ್ಮಗಳಿಬ್ಬರನ್ನೂ ನಮ್ಮ ಬೀದಿಯ ಲೇಡಿ ಡಾಕ್ಟರ್ ಜಯಶ್ರೀ ಅವರ ಹತ್ತಿರ ಎಳೆದುಕೊಂಡು ಹೋದೆ.

ನಂದಿನಿಯೇ ಕೇಳಿದಳು. ಮುಟ್ಟಿನ ದಿನಗಳಲ್ಲಿ ಗಂಡ ಹೆಂಡತಿ ಕೂಡಿದರೆ ಅಪಾಯವೇ ಎಂದು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಎರಡು ಹೆತ್ತವಳು ನಾನು, ನೀಲಾ. ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬಹುದೆಂದೇ ನನಗೆ ಗೊತ್ತಿರಲಿಲ್ಲ.

ಡಾಕ್ಟರು ಕಾಫಿ ಸಕ್ಕರೆ ವಿಷಯ ಮಾತಾಡುವಷ್ಟು ಸಲೀಸಾಗಿ ಹೇಳಿದರು. "ಮುಟ್ಟಿನ ರಕ್ತ ವಿಷ ಅಲ್ಲಮ್ಮ. ಇಬ್ಬರಿಗೂ ಮನಸ್ಸಿದ್ರ, ನಿನಗ ನೋವಿಲ್ಲಂದ್ರ, ಅದರಿಂದ ಏನೂ ಕೆಡಕಾಗಂಗಿಲ್ಲ. ಮನಸ್ಸಿಲ್ಲಂದ್ರ ಬ್ಯಾಡ ಅನ್ನು, ಅದೂ ಸರಿನೇ. ಆದ್ರ ಒಬ್ಬರಿಗೆ ಏನಾದ್ರೂ ಸೋಂಕಿದ್ರ ಆ ದಿನದಾಗ ಇನ್ನೊಬ್ಬರಿಗೆ ಸ್ವಲ್ಪ ಸುಲಭಕ್ಕ ದಾಟ್ತೈತಿ, ಅದಕ್ಕ ಕಾಂಡೋಮ್ ಬಳಸೋದು ಛಲೋ. ಮತ್ತ ಆಗ ಬಸಿರು ನಿಲ್ಲಂಗಿಲ್ಲ ಅಂತ ಭಾಳ ಮಂದಿ ತಿಳ್ಕೊಂಡಾರ. ಕಡಿಮಿ, ಆದ್ರ ನಿಲ್ತೈತಿ."

ಈ ಕೊನೆಯ ಮಾತಿಗೆ ಅವ್ವ ತಲೆ ಎತ್ತಿದಳು. ಸೆರಗನ್ನು ಭುಜದ ಮೇಲೆ ಹೊದ್ದುಕೊಂಡು ಮುಂದಕ್ಕೆ ಬಾಗಿ ಕೇಳಿದಳು.

"ಡಾಕ್ಟ್ರಮ್ಮಾ, ಗಂಡಸು ಸಾಯಂಗಿಲ್ಲೇನು?"

ಡಾಕ್ಟರು ನಗಲಿಲ್ಲ. ಅದಕ್ಕೆ ಅವರಿಗೆ ನಾನು ಜನ್ಮಪೂರ್ತಿ ಋಣಿ. ಕುರ್ಚಿಯನ್ನು ಅವ್ವನ ಹತ್ತಿರಕ್ಕೆ ಸರಿಸಿಕೊಂಡರು. "ಇಲ್ಲವ್ವಾ, ಸಾಯಂಗಿಲ್ಲ. ಯಾರು ಸತ್ತಿದ್ರು?"

ಆಗ ಅವ್ವ ಹೇಳಿದಳು, ನೀಲಾ. ನಮ್ಮ ಅಜ್ಜಿಗೆ, ಶಿವಬಸಮ್ಮತ್ತೆಗೆ, ನನಗೆ, ಯಾರಿಗೂ ಹೇಳದ್ದನ್ನು ಮೊದಲ ಸಲ ಕಂಡ ಹೆಣ್ಣುಮಗಳಿಗೆ ಹೇಳಿದಳು. ಮುಟ್ಟಿನ ದಿನಗಳಲ್ಲಿ ಅವಳಿಗೆ ಹೊರಗಿನ ಪಡಸಾಲೆ, ಬೇರೆ ಕೌದಿ, ಬೇರೆ ತಂಬಿಗೆ. ನಾಟಿ ಹಚ್ಚುವ ಹಂಗಾಮು. ಅಪ್ಪ ದಿನವಿಡೀ ಕೆಸರಲ್ಲಿ ನಿಂತು ನಡುಗುತ್ತ ಬಂದು ಅವಳ ಕೌದಿಯಲ್ಲೇ ಸೇರಿಕೊಂಡರಂತೆ. ಬೇಡ ಎನ್ನಲಿಲ್ಲವಂತೆ ಅವ್ವ. ಅವಳಿಗೂ ಆಸೆಯಿತ್ತಂತೆ. ಅದನ್ನೂ ಹೇಳಿದಳು, ನನ್ನ ಮುಂದೆ, ಮೊಮ್ಮಗಳ ಮುಂದೆ. ಕೆಲವೇ ದಿನಕ್ಕೆ ಅಪ್ಪನಿಗೆ ಜ್ವರ, ಕೆಂಪು ಕಣ್ಣು, ಕಾಲಿನ ಮೀನಖಂಡದ ನೋವು, ಆಮೇಲೆ ಮೈಯೆಲ್ಲ ಹಳದಿ. ಸಿರುಗುಪ್ಪದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಎತ್ತಿನ ಗಾಡಿಯಲ್ಲೇ ಪ್ರಾಣ ಬಿಟ್ಟರು. "ಯಾರ ಮೈಲಿಗಿ ತಟ್ಟಿತೋ ನನ್ನ ಮಗಗ" ಎಂದು ಅಜ್ಜಿ ಎದೆ ಬಡಿದುಕೊಂಡಳು. ಯಾರದು ಎಂದು ಅವ್ವನೊಬ್ಬಳಿಗೇ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು.

"ಕಾಲಾಗ ಗಾಯ ಇತ್ತೇನವ್ವಾ?" ಡಾಕ್ಟರು ಕೇಳಿದರು.

"ಬೆರಳ ಸಂದ್ಯಾಗ ನೀರು ತಿಂದು ಹುಣ್ಣಾಗಿದ್ದವು."

"ಆ ಹಂಗಾಮಿನಾಗ ಊರಾಗ ಮತ್ತ್ಯಾರಿಗಾದ್ರೂ ಹಿಂಗ ಜ್ವರ ಬಂದಿತ್ತೇನು?"

ಅವ್ವ ಬೆರಳು ಮಡಚುತ್ತ ನೆನಪು ಮಾಡಿಕೊಂಡಳು. "ಎರ್ರಣ್ಣಗ ಬಂದಿತ್ತು. ಅದೇ ಗದ್ದ್ಯಾಗ ಇಬ್ಬರೂ ಕೂಡಿ ನಾಟಿ ಹಚ್ಚಿದ್ರು. ಅಂವನೂ ಹಳದಿ ಆಗಿದ್ದ. ಅಂವ ಉಳ್ಕೊಂಡ."

"ಅಂವನ ಹೆಂಡ್ತಿ?"

"ಹೆಂಡ್ತಿ ಎಲ್ಲಿ? ಅಂವಗಿನ್ನೂ ಲಗ್ನ ಆಗಿದ್ದಿಲ್ಲ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು ಅವಳಿಗೆ. ಆ ಮುಖವನ್ನು ನಿನಗೆ ಹೇಗೆ ವರ್ಣಿಸಲಿ. ಎರ್ರಣ್ಣ ಮಾಮ ದಿನಾ ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ನಮ್ಮ ಮನೆ ಮುಂದೆಯೇ ಹೋಗುತ್ತಿದ್ದ. ನಲವತ್ತು ವರ್ಷಗಳಿಂದ ಅವಳು ಬಿಡುಗಡೆಯನ್ನು ದಿನಾ ನೋಡುತ್ತಿದ್ದಳು, ಗುರುತು ಹಿಡಿದಿರಲಿಲ್ಲ.

ಇಲಿಯ ಉಚ್ಚೆ ಗದ್ದೆಯ ನೀರಿಗೆ ಸೇರಿ, ಗಾಯದಿಂದ ಮೈಗೆ ಇಳಿಯುವ ಜ್ವರ ಇರಬೇಕು, ಇಲಿ ಜ್ವರ ಎನ್ನುತ್ತೇವೆ ಎಂದರು ಡಾಕ್ಟರು. "ಇಷ್ಟು ವರ್ಷದ ಮ್ಯಾಲೆ ಅದೇ ಅಂತ ಗಟ್ಟಿಯಾಗಿ ಹೇಳಾಕ ಬರಂಗಿಲ್ಲ. ಆದ್ರ ನಿಮ್ಮಿಂದ ಅವರು ಸತ್ತಿಲ್ಲವ್ವಾ. ಇದನ್ನ ಮಾತ್ರ ಗಟ್ಟಿಯಾಗಿ ಹೇಳ್ತೀನಿ."

ಆಟೋದಲ್ಲಿ ಬರುವಾಗ ಅವ್ವ ಅಳಲಿಲ್ಲ. "ಲಗ್ನನೇ ಆಗಿದ್ದಿಲ್ಲ ನೋಡು" ಎಂದು ಮತ್ತೆ ಮತ್ತೆ ತನ್ನಷ್ಟಕ್ಕೇ ಹೇಳಿಕೊಂಡಳು. ಮನೆಗೆ ಬಂದು ವೀರೇಶನ ತಟ್ಟೆಗೆ ತಾನೇ ಅನ್ನ ಬಡಿಸಿದಳು. ನಂದಿನಿ ಗಂಡನ ಪಕ್ಕ ಕೂತು ಉಂಡಳು. ಇಂಥ ಹೆಣ್ಣನ್ನು ಮದುವೆಯಾಗುವ ತನಕ ಒಂದೇ ಸೂರಿನಡಿ ಇದ್ದೂ ನಾನು ಬರೀ ಒರಟು ಮುದುಕಿ ಎಂದುಕೊಂಡಿದ್ದೆನಲ್ಲ, ಅಷ್ಟು ದೊಡ್ಡದನ್ನು ಹೊತ್ತು ಅವಳು ಹೇಗೆ ನಾಟಿ ಹಚ್ಚಿದಳು, ಹೇಗೆ ನನಗೆ ಜಡೆ ಹೆಣೆದಳು ಎಂದು ಈಗಲೂ ಬೆರಗಾಗುತ್ತೇನೆ.

ಯರ್ರಿಸ್ವಾಮಿಯವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಒಳ್ಳೆಯ ಬುದ್ಧಿ, ನಿನಗೆ ಒಳ್ಳೆಯ ನಿದ್ದೆ ಸಿಗಲಿ. ನೀನು ಕೊಟ್ಟ ರವಿಕೆ ಹೊಲಿದಿಟ್ಟಿದ್ದೇನೆ, ತೋಳು ಬಿಗಿಯಾದರೆ ನನ್ನನ್ನಲ್ಲ, ನಿನ್ನ ಹೋಳಿಗೆಯನ್ನು ಬೈದುಕೋ.

ನಿನ್ನ ಅಕ್ಕ,
ಶಶಿರೇಖಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಪ್ಪ ಅವಳ ಕೌದಿಗೆ ಬಂದದ್ದು ಅದೇ ಕೊನೆ. ಆಮೇಲೆ ಅವ್ವ ಮುಟ್ಟಾಗಲೇ ಇಲ್ಲ. ಅಂದು ನಿಂತ ಬಸಿರು ನೀನು. ಆಗಲೂ ಬಸಿರು ನಿಲ್ಲುತ್ತದೆ ಎಂದು ಡಾಕ್ಟರು ಅಂದಾಗ ಅವ್ವ ತಲೆ ಎತ್ತಿದ್ದು ಅದಕ್ಕೇ. ನೀನಂದರೆ ಬೇಡವಾಗಿ ದೂರ ಇಟ್ಟಿದ್ದಲ್ಲ, ನೀಲಾ. "ಅವರನ್ನ ತಿಂದ ಕೈ ಆ ಕೂಸನ್ನೂ ತಿಂದೀತು ಅಂತ ಮುಟ್ಟಲಿಲ್ಲ. ದೂರ ಇದ್ರ ಬದುಕ್ತಾಳ ಅಂದ್ಕೊಂಡೆ. ಬದುಕಿದ್ಲು" ಎಂದಳು. ನಿನ್ನೆಯಿಂದ ಒಂದೇ ಸಮನೆ ನನ್ನ ಬೆನ್ನು ಹತ್ತಿದ್ದಾಳೆ: "ನೀಲಾನ ತಲಿಗೆ ನಾ ಎಣ್ಣಿ ಹಚ್ಚಿದ್ರ ನಡೀತೈತೇನು, ಡಾಕ್ಟ್ರಮ್ಮನ್ನ ಇನ್ನೊಮ್ಮಿ ಕೇಳಿ ಬಾ." ನಾನು ಕೇಳಲು ಹೋಗಿಲ್ಲ. ಗುರುವಾರ ಅವಳನ್ನು ಕುರುಗೋಡಿನ ಬಸ್ಸಿಗೆ ಹತ್ತಿಸುತ್ತೇನೆ. ಅಂದು ಬೆಳಿಗ್ಗೆ ನೀನಾಗಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂರಬೇಡ.