ಹನ್ನೊಂದನೇ ಮನೆಯ ಮೂರನೇ ಮಹಡಿ

ಮಾರ್ಸೇಯ್
೧೪ ನವೆಂಬರ್ ೧೯೫೪, ಭಾನುವಾರ

ಪ್ರೀತಿಯ ಎಸ್ತ್ರೆಯಾ,

ನಿನ್ನ ಕಾಗದ ಬಂದು ಎಂಟು ತಿಂಗಳಾಯಿತು. ಇಷ್ಟು ದಿನ ಉತ್ತರವಿಲ್ಲವೆಂದು ಅಲ್ಲಿ ಇಜ್ಮೀರಿನಲ್ಲಿ ಕೂತು ನನ್ನನ್ನು ಬೈದುಕೊಂಡಿದ್ದರೆ ತಪ್ಪೇನಿಲ್ಲ, ಬೈದುಕೋ. ಕೆಲಸ ಜಾಸ್ತಿ, ಕಣ್ಣು ಮಂಜು ಎಂದೆಲ್ಲ ನೆಪ ಹೇಳಬಹುದಿತ್ತು. ನನಗೆ ಕಣ್ಣು ಚೆನ್ನಾಗಿಯೇ ಇದೆ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಕುಶಲ ಕೇಳಿ ಮುಗಿಸುವಷ್ಟರಲ್ಲಿ ಕೈ ನಿಂತುಹೋಯಿತು. ಈ ಸಲ ಪೂರ್ತಿ ಬರೆದೇ ಏಳುವುದು ಎಂದು ನಿಶ್ಚಯ ಮಾಡಿಕೊಂಡು ಕೂತಿದ್ದೇನೆ. ನಿನ್ನಿಂದ ನನಗೊಂದು ಒಪ್ಪಿಗೆ ಬೇಕು. ಅದೂ ಜನವರಿ ಇಪ್ಪತ್ನಾಲ್ಕರೊಳಗೆ.

ನಿನಗೆ ಎರಡನೆಯದೂ ಹೆಣ್ಣಾಯಿತೆಂದು ಓದಿ ಸಂತೋಷವಾಯಿತು. ಮೂಗು ನಿನ್ನ ಅಪ್ಪನದೇ ಎಂದು ಬರೆದಿದ್ದೀಯ. ಪಾಪ, ಕೂಸು! ದೊಡ್ಡವಳಾದ ಮೇಲೆ ಅದಕ್ಕೆ ಹೊಂದಿಕೊಳ್ಳುತ್ತಾಳೆ ಬಿಡು, ನೀನು ಹೊಂದಿಕೊಳ್ಳಲಿಲ್ಲವೇ? ನಾನು ಬೆಲ್ ದ ಮೇ ಬಡಾವಣೆಯಲ್ಲಿ, ಅದೇ ಸಿಗರೇಟು ಕಾರ್ಖಾನೆಯ ಹಿಂದಿನ ಅಟ್ಟದ ಕೋಣೆಯಲ್ಲಿದ್ದೇನೆ. ಈಗಲೂ ಇಸ್ತ್ರಿಯೇ ನನ್ನ ಕಸುಬು. ವಿದ್ಯುತ್ತಿನ ಇಸ್ತ್ರಿಪೆಟ್ಟಿಗೆ ಬಂದಿದೆ, ಕೆಂಡ ಊದುವ ಕಾಟ ತಪ್ಪಿತು. ಆದರೆ ಕಿಟಕಿಯಿಂದ ಬಂದರು ಕಾಣುವುದಿಲ್ಲ. ಬೆಟ್ಟದ ಚರ್ಚಿನ ಗೋಪುರದ ಮೇಲಿನ ಬಂಗಾರದ ತಾಯಿ ಮಾತ್ರ ಚಾವಣಿಗಳ ಮೇಲಿಂದ ಇಷ್ಟೇ ಇಷ್ಟು ಕಾಣುತ್ತಾಳೆ, ಸೊಂಟದಿಂದ ಮೇಲಕ್ಕೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಕಾಬ್ರ್ ಮನೆ ಗೊತ್ತಲ್ಲ, ದೊಡ್ಡ ಬೀದಿಯ ಮೂಲೆಯ ನಾನೂರು ವರ್ಷದ ಕಲ್ಲಿನ ಮನೆ? ಯುದ್ಧದಲ್ಲಿ ಜರ್ಮನರು ಇಡೀ ಕೇರಿಯನ್ನು ಮದ್ದಿಟ್ಟು ಹಾರಿಸಿದಾಗ ಉಳಿಸಿದ ನಾಲ್ಕೈದು ಕಟ್ಟಡಗಳಲ್ಲಿ ಅದೂ ಒಂದು. ಅದು ಹೊಸ ರಸ್ತೆಯ ಸಾಲಿಗೆ ಸರಿಯಾಗಿ ಕೂರುವುದಿಲ್ಲವಂತೆ. ಅದಕ್ಕೆ ಏನು ಮಾಡಿದರು ಹೇಳು? ಇಡೀ ಮನೆಯನ್ನು ಬುಡದಿಂದ ಜಾಕಿ ಕೊಟ್ಟು ಎತ್ತಿ, ಕಾಲು ಸುತ್ತು ತಿರುಗಿಸಿ, ಮತ್ತೆ ಕೂರಿಸಿದರು! ನಾನೂ ಫಿಲೊಮೆನ್ ಅಜ್ಜಿಯೂ ನೋಡಲು ಹೋಗಿದ್ದೆವು. ನಿಮ್ಮ ಕೆಳಗಿನ ಮಹಡಿಯ ಮೀನು ಮಾರುವ ಫಿಲೊಮೆನ್ ಅಜ್ಜಿಯೇ. ಎಪ್ಪತ್ತಾರು ವರ್ಷ, ಇನ್ನೂ ಬೆಳಗ್ಗೆ ಎಂಟಕ್ಕೆ ಬಂದರಿನ ಕಟ್ಟೆಯಲ್ಲಿ ಮೀನಿನ ಬುಟ್ಟಿ ಇಟ್ಟು ಕೂಗುತ್ತಾಳೆ. ಮನೆಯ ಮೂಲೆಗಲ್ಲಿನಲ್ಲಿ ಹಳೆಯ ಬೀದಿಯ ಹೆಸರು ಕೆತ್ತಿದ್ದು ಹಾಗೇ ಇದೆ. ಮನೆ ತಿರುಗಿದ್ದರಿಂದ ಈಗ ಅದು ಇಲ್ಲದ ಬೀದಿಯ ಹೆಸರನ್ನು ಬೇರೆ ಬೀದಿಗೆ ತೋರಿಸಿಕೊಂಡು ನಿಂತಿದೆ. ಅಜ್ಜಿ ಅದನ್ನು ನೋಡಿ ನನ್ನ ಕಡೆ ತಿರುಗಿದಳು.

"ತಿತೀನ್, ನಂಗೆ ನಮ್ಮ ಓಣಿ ಯಾವ ಕಡೆ ಇತ್ತೂಂತ ಗೊತ್ತಾಗ್ತಾ ಇಲ್ಲ ಕಣೇ," ಅಂದಳು.

ಆ ಕೇರಿಯಲ್ಲೇ ಹುಟ್ಟಿ ಅರವತ್ತನಾಲ್ಕು ವರ್ಷ ಬಾಳಿದವಳು! ಕಲ್ಲು ಕಲ್ಲೂ ಅವಳಿಗೆ ಗೊತ್ತಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮನೆಗೆ ಬಂದವಳೇ ಪೆಟ್ಟಿಗೆಯಿಂದ ಜೋಡಿ ಮಂಚದ ದೊಡ್ಡ ಹಾಸುಬಟ್ಟೆ ತೆಗೆದೆ. ಗಂಜಿ ಹಾಕಿ, ಗರಿಗರಿ ಇಸ್ತ್ರಿ ಮಾಡಿ ಮೇಜಿನ ಮೇಲೆ ಹರಡಿದೆ. ಗಿರಾಕಿಗಳ ಬಟ್ಟೆಗೆ ಗುರುತು ಹಾಕುವ ಶಾಯಿ ಇದೆಯಲ್ಲ, ಕುದಿಸಿದರೂ ಹೋಗದ್ದು, ಅದರಲ್ಲಿ ನಮ್ಮ ಓಣಿ ಬರೆಯಲು ಶುರುಮಾಡಿದೆ. ಸಂತ ಲೋರಾನ್ ಚರ್ಚಿನ ಮೆಟ್ಟಿಲಿನಿಂದ ಹಿಡಿದು ಬಂದರಿನ ಕಟ್ಟೆಯವರೆಗೆ, ಒಂದೊಂದು ಬಾಗಿಲು, ಒಂದೊಂದು ಮಹಡಿ, ಒಬ್ಬೊಬ್ಬರ ಹೆಸರು.

ಮೊದಲು ಒಬ್ಬಳೇ ಇದ್ದೆ. ಆಮೇಲೆ ಅಜ್ಜಿ ಬಂದಳು. ಅವಳ ಹಿಂದೆ, ಬಂದರಿನ ಆಚೆ ದಡಕ್ಕೆ ಜನರನ್ನು ದಾಟಿಸುವ ದೋಣಿಯ ತೊನಿನ್ ಮಾವನೂ ಬಂದ. ಈಗ ಪ್ರತಿ ಭಾನುವಾರ ನನ್ನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಪಟ್ಟಣದ ನಾಲ್ಕು ಮೂಲೆಗೆ ಚದುರಿಹೋದವರು ಸೋಂಪಿನ ಬಿಸ್ಕತ್ತು ಕಟ್ಟಿಕೊಂಡು ಬಂದು, ನನ್ನ ಕಾಫಿ ಕುಡಿದು, ನನ್ನ ತಪ್ಪನ್ನೇ ಎತ್ತಿ ಆಡುತ್ತಾರೆ.

"ಕಾರಂಜಿ ಬಲಕ್ಕಿತ್ತು ಕಣಮ್ಮಾ, ನೀನು ಎಡಕ್ಕೆ ಬರ್ದಿದೀಯ!" ಎಂದು ತೊನಿನ್ ಮಾವ ಕೂಗಿದ.

"ನೀನು ಯಾವಾಗ್ಲೂ ಹೆಂಡದಂಗಡಿ ಕಡೆಯಿಂದ ಬರ್ತಿದ್ದೆ, ನಿಂಗೆ ಬಲಕ್ಕೇ ಕಾಣೋದು. ಮರ್ಯಾದಸ್ಥರು ಚರ್ಚಿನ ಕಡೆಯಿಂದ ಬರ್ತಿದ್ವಿ," ಎಂದಳು ಅಜ್ಜಿ.

ನಗಬೇಡ. ಅವತ್ತು ಅವರಿಬ್ಬರೂ ಮುಖ ತಿರುಗಿಸಿಕೊಂಡೇ ಮನೆಗೆ ಹೋದರು.

ನಮ್ಮ ಕೇರಿಯ ರೂಢಿಯೇ ನಮ್ಮನ್ನು ಕಾಪಾಡಿತು. ನಮಗೆ ಅಂಚೆಪೆಟ್ಟಿಗೆ ಇರಲಿಲ್ಲ, ಗಂಟೆ ಇರಲಿಲ್ಲ, ಬಾಗಿಲ ಮೇಲೆ ಹೆಸರೂ ಇರಲಿಲ್ಲ. ಅಂಚೆಯವನೋ ಡಾಕ್ಟರೋ ಬಂದರೆ ಕೆಳಗೆ ನಿಂತು ಕೇಳುವುದು, ನೆಲಮಹಡಿಯ ಹೆಂಗಸು ಯಾವ ಮಹಡಿಯಲ್ಲಿ ಯಾರು ಎಂದು ಬುಡದಿಂದ ಚಾವಣಿಯವರೆಗೆ ಗಡಗಡ ಹೇಳಿ ಮೆಟ್ಟಿಲು ಒಪ್ಪಿಸುವುದು, ಆಮೇಲೆ ಮೇಲಿನಿಂದ ಹಗ್ಗದ ಬುಟ್ಟಿ ಇಳಿಯುವುದು. ಹನ್ನೊಂದನೇ ಮನೆಯ ಮೆಟ್ಟಿಲು ಒಪ್ಪಿಸುವವಳು ನಾನೇ ಅಲ್ಲವೇ? ಹಾಗಾಗಿ ಒಂದೊಂದು ಮನೆಯ ನೆಲಮಹಡಿಯವರನ್ನು ಹುಡುಕಿ ತಂದು, "ಒಪ್ಪಿಸಿ ನೋಡೋಣ" ಎಂದೆ. ಏಳನೇ ಮನೆಯ ಮುದುಕಿಗೆ ಮಗನ ಹೆಸರೇ ಮರೆತುಹೋಗಿದೆ. ಮೆಟ್ಟಿಲು ಮಾತ್ರ ಕಣ್ಣು ಮುಚ್ಚಿ, ಒಂದು ಹೆಸರೂ ತಪ್ಪದೆ ಹೇಳಿದಳು.

ಒಂದು ಭಾನುವಾರ ಉತ್ಖನನದ ಪಂಡಿತನೊಬ್ಬ ಸುದ್ದಿ ತಿಳಿದು ಬಂದ. ನಮ್ಮ ಮನೆಗಳ ಅವಶೇಷ ತೆಗೆಯುವಾಗ ನೆಲದಡಿಯಲ್ಲಿ ರೋಮನ್ನರ ಕಾಲದ ಉಗ್ರಾಣ ಸಿಕ್ಕಿದೆ, ಆಳೆತ್ತರದ ಮಣ್ಣಿನ ಹಂಡೆಗಳಿವೆ. ಇಷ್ಟು ವರ್ಷ ನಾವು ಅದರ ಮೇಲೆಯೇ ಪಾತ್ರೆ ತೊಳೆಯುತ್ತಿದ್ದೆವು, ನೋಡು! ಪಂಡಿತ ಹಾಸುಬಟ್ಟೆಯನ್ನು ತುಂಬ ಮೆಚ್ಚಿಕೊಂಡ. ಆಮೇಲೆ ಮೆಲ್ಲಗೆ, "ಕಟ್ಟಡಗಳ ವಿವರ ಇದ್ರೆ ಸಾಕಮ್ಮಾ. ಇಷ್ಟೊಂದು ಹೆಸರು ಇತಿಹಾಸಕ್ಕೆ ಬೇಕಾಗಲ್ಲ," ಅಂದ.

ಅಜ್ಜಿ ಬಿಟ್ಟಾಳೆಯೇ? "ಹಂಗಾದ್ರೆ ಆ ಹಂಡೆಗೆ ತುಂಬಿಸ್ತಿದ್ದೋರು ಯಾರೂಂತ ಇಷ್ಟು ವರ್ಷದಿಂದ ಯಾಕಪ್ಪಾ ಮಣ್ಣು ಕೆದಕ್ತಿದೀಯ? ಎರಡು ಸಾವಿರ ವರ್ಷ ಕಾಯ್ಬೇಕೇನು ನಾವು?"

ಪಂಡಿತ ಒಳ್ಳೆಯ ಹುಡುಗ, ಕಿವಿ ಕೆಂಪಾಯಿತು. ಈಗ ಅವನೇ ಅಳತೆಪಟ್ಟಿ ಹಿಡಿದು ಗೆರೆ ನೇರ ಮಾಡಿಕೊಡುತ್ತಾನೆ.

ಜನವರಿ ಇಪ್ಪತ್ನಾಲ್ಕಕ್ಕೆ ಕೇರಿ ಖಾಲಿ ಮಾಡಿಸಿ ನಮ್ಮನ್ನು ಟ್ರಾಮಿನಲ್ಲಿ ತುಂಬಿಕೊಂಡು ಹೋಗಿ ಹನ್ನೆರಡು ವರ್ಷವಾಗುತ್ತದೆ. ಅವತ್ತು ಸಂತ ಲೋರಾನ್ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಇದನ್ನು ತೂಗುಹಾಕುತ್ತೇವೆ. ಹಳೆಯ ಕೇರಿಯಲ್ಲಿ ಉಳಿದಿರುವ ನಮ್ಮದೆನ್ನುವ ಜಾಗ ಅದೊಂದೇ. ಬಂದರಿನುದ್ದಕ್ಕೂ ಹೊಸ ಕಟ್ಟಡಗಳೆದ್ದಿವೆ. ಚೆನ್ನಾಗಿಯೇ ಇವೆ, ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಲಾರೆ, ಒಳಗೆ ನಲ್ಲಿಯಲ್ಲಿ ನೀರು ಬರುತ್ತದಂತೆ. ಅಲ್ಲಿರುವವರಿಗೆ ತಮ್ಮ ಮನೆ ಯಾರ ಮನೆಯ ಮೇಲಿದೆ ಎಂದು ಗೊತ್ತಾಗಬೇಕು, ಅಷ್ಟೇ ನನ್ನ ಹಟ.

ಈಗ ನನಗೆ ಬೇಕಾದ ಒಪ್ಪಿಗೆಯ ಮಾತು. ಹಾಸುಬಟ್ಟೆಯ ಮೇಲೆ ಮುನ್ನೂರಕ್ಕೂ ಮೇಲೆ ಹೆಸರು ಬರೆದಾಗಿದೆ. ಉಳಿದಿರುವುದು ಹನ್ನೊಂದನೇ ಮನೆಯ ಮೂರನೇ ಮಹಡಿ, ನಿನ್ನವರ ಮೂರು ಹೆಸರು. ಮೇಯಿರ್ ನಹ್ಮಿಯಾಸ್, ರೇನಾ ನಹ್ಮಿಯಾಸ್, ಲೂನಾ ನಹ್ಮಿಯಾಸ್. ಪೆನ್ಸಿಲಿನಲ್ಲೂ ಬರೆದಿಲ್ಲ, ಬಿಳಿ ಬಟ್ಟೆ ಹಾಗೇ ಇದೆ.

ತೊನಿನ್ ಮಾವನಿಗೆ ಅದು ಬೇಡ. ಅವನು ಕೆಟ್ಟವನಲ್ಲ, ನಿನ್ನ ಅಪ್ಪ ಹೊಲಿದುಕೊಟ್ಟ ಟೋಪಿಯನ್ನು ಇವತ್ತಿಗೂ ಭಾನುವಾರಕ್ಕೆಂದು ಎತ್ತಿಟ್ಟಿದ್ದಾನೆ. "ವಾಪಸ್ ಬಂದೋರ ಹೆಸರು ಬರಿ ತಾಯೀ, ಸಾಕು. ರೈಲಲ್ಲಿ ಹೋದೋರ್ನೆಲ್ಲ ಬರೆದ್ರೆ ಅದು ಗೋರಿಕಲ್ಲಾಗತ್ತೆ. ಜನ ಅತ್ಕೊಂಡು ಮನೆಗೆ ಹೋಗ್ತಾರೆ," ಅಂದ.

"ಅಳಲಿ ಮಾವ," ಅಂದೆ. "ಅಳೋದಿಕ್ಕೆ ಯಾರ ಅಪ್ಪಣೆ ಬೇಕು? ಪೊಲೀಸರು ಬಂದ ಆ ಶನಿವಾರ ಬೆಳಗ್ಗೆ ಮನೇಲಿ ಯಾರ್ಯಾರು ಇದ್ರೋ ಅಷ್ಟೂ ಜನರ ಹೆಸರು ಬರಿಬೇಕು. ಇಲ್ಲಾಂದ್ರೆ ಈ ಬಟ್ಟೇನ ಮಂಚಕ್ಕೆ ಹಾಸ್ಕೊಂಡು ಮಲಗ್ತೀನಿ."

ಅಜ್ಜಿ ನನ್ನ ಕಡೆ ನಿಂತಳು, ಮಾವ ಸೋತ. ನಮ್ಮ ಓಣಿಯಲ್ಲಿ ಯಹೂದಿಗಳೆಂಬ ಕಾರಣಕ್ಕೆ ಹಾಗೆ ಹೋಗಿ ಮರಳದ ಮನೆಗಳು ಆರು. ಐದು ಮನೆಯವರ ಬಂಧುಗಳನ್ನು ಹುಡುಕಿ ಕೇಳಿದೆ. ಒಬ್ಬರು ಲಿಯೋನಿನಲ್ಲಿ ಸಿಕ್ಕರು, ಒಬ್ಬರಿಗಾಗಿ ಓರಾನಿಗೆ ಎರಡು ಕಾಗದ ಬರೆಯಬೇಕಾಯಿತು. ಎಲ್ಲರೂ ಬರೆಯಿರಿ ಎಂದರು. ಇನ್ನು ನಿನ್ನದೊಂದೇ ಮಾತು ಬರಬೇಕು.

ನಿಮ್ಮ ಮಹಡಿಯನ್ನು ನೆನೆಯದ ಶನಿವಾರವಿಲ್ಲ ನನಗೆ. ನಿನ್ನ ಅಮ್ಮ ಹಿಂದಿನ ದಿನವೇ ಈರುಳ್ಳಿ ಸಿಪ್ಪೆಯ ಜೊತೆ ಸಣ್ಣ ಉರಿಯಲ್ಲಿ ಇಟ್ಟ ಮೊಟ್ಟೆಗಳು ಬೆಳಗ್ಗೆ ಕಂದುಬಣ್ಣಕ್ಕೆ ತಿರುಗಿ ಬುಟ್ಟಿಯಲ್ಲಿ ಕೆಳಗಿಳಿಯುತ್ತಿದ್ದವು, ನನಗೊಂದು, ಅಜ್ಜಿಗೊಂದು. "ತಿತೀನಾ, ಬಿಸಿ ಇದೆ, ಹುಷಾರು!" ಎಂದು ನಿನ್ನ ತಂಗಿ ಲೂನಾ ಮೇಲಿನಿಂದ ಕೂಗುತ್ತಿದ್ದಳು. ಅವಳಿಗೆ ಹದಿನಾಲ್ಕು ವರ್ಷ. ಮಡಿಕೆ ಬಿದ್ದ ಲಂಗವನ್ನು ನನ್ನಿಂದ ಬಿಟ್ಟಿ ಇಸ್ತ್ರಿ ಮಾಡಿಸಿಕೊಂಡು, ಬದಲಿಗೆ ನನ್ನ ಓದು ಬರಹದ ತಪ್ಪು ತಿದ್ದುತ್ತಿದ್ದಳು. ಈ ಕಾಗದದಲ್ಲಿ ತಪ್ಪು ಕಡಿಮೆಯಿದ್ದರೆ ಅದು ಅವಳ ಪುಣ್ಯ.

ನಿನಗೂ ಗಂಡನಿಗೂ ಒಳ್ಳೆಯದಾಗಲಿ. ಇಬ್ಬರು ಹೆಣ್ಣುಮಕ್ಕಳೂ ಗಟ್ಟಿಮುಟ್ಟಾಗಿ, ಬಾಯಿಜೋರಾಗಿ ಬೆಳೆಯಲಿ. ನಿನ್ನ ಇಜ್ಮೀರೂ ಒಮ್ಮೆ ಸುಟ್ಟು ಬೂದಿಯಾಗಿ ಮತ್ತೆ ಎದ್ದು ನಿಂತ ಊರೇ. ಅಲ್ಲಿ ನೀನು ಬೇರುಬಿಟ್ಟು ನೂರು ವರ್ಷ ಬಾಳು. ಬೆಟ್ಟದ ತಾಯಿಗೆ ನಿನ್ನ ಹೆಸರಲ್ಲೂ ದೀಪ ಹಚ್ಚುತ್ತೇನೆ. ನಿನ್ನ ದೇವರು ಬೇಸರ ಮಾಡಿಕೊಳ್ಳಲಾರ.

ನಿನ್ನ ಅಕ್ಕನಂಥ
ಬಾಪ್ತಿಸ್ತೀನ್ ಸ್ಕೊತ್ತೊ
(ನಿನ್ನ ತಿತೀನ್)

ಇನ್ನೊಂದು ಮಾತು: ಮೂರು ಸಲ ಕೈ ನಿಂತದ್ದು ಇದಕ್ಕೇ. ಈಗ ಬರೆಯುತ್ತೇನೆ.

ಯುದ್ಧ ಮುಗಿದ ವರ್ಷ ನೀನು ಬಂದು, "ನಮ್ಮವರು ಮೂರನೇ ಮಹಡಿಯಲ್ಲಿದ್ದರೆಂದು ಪೊಲೀಸರಿಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದೆ. ಅವರ ಕೈಯಲ್ಲಿ ಪಟ್ಟಿ ಇತ್ತು ಎಂದೆ. ನೀನು ನಂಬಿದೆ. ನಿನ್ನನ್ನು ತಬ್ಬಿಕೊಂಡು ನಾನೇ ಅತ್ತೆ. ಎಸ್ತ್ರೆಯಾ, ಅವನ ಕೈಯಲ್ಲಿ ಯಾವ ಪಟ್ಟಿಯೂ ಇರಲಿಲ್ಲ.

ಆ ಶನಿವಾರ ಬೆಳಗ್ಗೆ ಬಂದವನು ಒಬ್ಬನೇ. ನಮ್ಮೂರಿನವನೇ, ನಮ್ಮದೇ ಮಾತಿನ ಧಾಟಿ. ಹೊಡೆಯಲಿಲ್ಲ, ಬೆದರಿಸಲಿಲ್ಲ. ಅಂಚೆಯವನು ಕೇಳುವ ಹಾಗೆಯೇ, "ಮೇಲೆ ಯಾರ್ಯಾರಿದಾರಮ್ಮಾ?" ಅಂದ. ನನ್ನ ಕೈಯಲ್ಲಿ ಕೆಂಡದ ಇಸ್ತ್ರಿಪೆಟ್ಟಿಗೆ ಇತ್ತು, ಅಂಗಿಯ ಕೊರಳಪಟ್ಟಿಯ ಮೇಲೆ ಕಣ್ಣಿತ್ತು. ತಲೆ ಎತ್ತದೆ ಒಪ್ಪಿಸಿಬಿಟ್ಟೆ. ಒಂದರಲ್ಲಿ ಹಗ್ಗದ ಪಾಸ್ಕಾಲ್, ಎರಡರಲ್ಲಿ ಮೀನಿನ ಫಿಲೊಮೆನ್, ಮೂರರಲ್ಲಿ ನಹ್ಮಿಯಾಸ್, ಸಾಲೊನಿಕದವರು, ಮೂರು ಜನ, ದೊಡ್ಡ ಮಗಳು ಒಬಾನ್ಯದಲ್ಲಿ ಕೆಲಸಕ್ಕಿದ್ದಾಳೆ. ಏನು ಹೇಳಿದೆನೆಂದು ನನಗೇ ತಿಳಿಯುವಷ್ಟರಲ್ಲಿ ಅವನು ಅದನ್ನು ಬರೆದುಕೊಂಡಾಗಿತ್ತು. ಬಾಗಿಲಲ್ಲಿ ಟೋಪಿ ಎತ್ತಿ, "ಉಪಕಾರ ಆಯ್ತಮ್ಮಾ," ಅಂದ. ನಾನು, "ಇರ್ಲಿ ಬಿಡಿ," ಅಂದೆ.

ಪೊಲೀಸರು ನಿನ್ನವರನ್ನು ಇಳಿಸಿಕೊಂಡು ಬರುವಾಗ ನಿನ್ನ ಅಮ್ಮ ನನ್ನ ಬಾಗಿಲ ಮುಂದೆ ನಿಂತು, ಕಿಟಕಿಯ ಗಿಡಕ್ಕೆ ನೀರು ಹಾಕು ಎಂದು ಬೀಗದ ಕೈ ಕೊಟ್ಟಳು. ಹಾಕುತ್ತೇನೆ ಎಂದೆ. ಮಾರನೆಯ ದಿನ ನಮ್ಮೆಲ್ಲರನ್ನೂ ಹೊರಹಾಕಿದರು.

ಕ್ಷಮಿಸು ಎಂದು ಕೇಳಲು ಇದನ್ನು ಬರೆದಿಲ್ಲ. ಆ ಮೂರು ಹೆಸರು ಹಾಸುಬಟ್ಟೆಯ ಮೇಲೆ ಬರಲೇಬೇಕು. ಅವು ನನ್ನ ಕೈಬರಹದಲ್ಲಿ ಇರಬಹುದೋ ಬೇಡವೋ, ಅದನ್ನು ನೀನು ಹೇಳಬೇಕು. ಬೇಡ ಎಂದರೆ ಪೆನ್ನು ಅಜ್ಜಿಯ ಕೈಗೆ ಕೊಡುತ್ತೇನೆ. ಇಪ್ಪತ್ನಾಲ್ಕನೇ ತಾರೀಖು ಸಭಾಂಗಣದಲ್ಲಿ ಎಲ್ಲರೂ ಸೇರಿದ ಮೇಲೆ, ಅವನಿಗೆ ಮೆಟ್ಟಿಲು ಒಪ್ಪಿಸಿದವಳು ನಾನು ಎಂದು ಎದ್ದು ನಿಂತು ಹೇಳುತ್ತೇನೆ. ನಿನ್ನ ಉತ್ತರ ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಅವರೆಲ್ಲರಿಗಿಂತ ಮೊದಲು ನಿನಗೆ ಗೊತ್ತಾಗಬೇಕಿತ್ತು.